ಎರಡು ನಳದ ಲೈಸನ್ಸು

ಅಣವೀರಪ್ಪನ ಹತ್ತಿರ ಬಂದೂಕಿರಲಿಲ್ಲ. ಬಂದೂಕಿನ ಲೈಸನ್ಸ್ ಇತ್ತು.

ಸೇಡಂ ಕಡೆಯ ಊರಲ್ಲಿ ಅವನ ಅಪ್ಪ ಹೊಲದ ಹಂದಿ ಓಡಿಸಲು ಒಂದು ಬಂದೂಕು ಇಟ್ಟುಕೊಂಡಿದ್ದ. ಯಾವುದೋ ಚುನಾವಣೆಗೆ ಮುಂಚೆ, ಸರಕಾರದ ಪದ್ಧತಿಯಂತೆ ಅದನ್ನು ಠಾಣೆಗೆ ಒಪ್ಪಿಸಿದ. ಚುನಾವಣೆ ಮುಗಿಯಿತು, ಗೆಲ್ಲುವವರು ಗೆದ್ದರು. ಬಂದೂಕು ಮರಳಿ ತರಲು ಹೋದಾಗ ಅದರ ಮರದ ಹಿಡಿಯನ್ನು ಗೆದ್ದಲು ತಿಂದಿತ್ತು, ನಳಿಗೆಯನ್ನು ತುಕ್ಕು ತಿಂದಿತ್ತು. ಲೈಸನ್ಸ್ ಮಾತ್ರ ಟ್ರಂಕಿನೊಳಗೆ ಸೀರೆಯ ಮಡಿಕೆಯಲ್ಲಿದ್ದುದರಿಂದ ಬದುಕಿತು. ಅಪ್ಪ ಸತ್ತ ಮೇಲೆ ಅಣ್ಣನಿಗೆ ಹೊಲ ಹೋಯಿತು, ತಂಗಿಗೆ ಬಂಗಾರ ಹೋಯಿತು, ಅಣವೀರಪ್ಪನಿಗೆ ಲೈಸನ್ಸ್ ಬಂತು.

ಹದಿನಾಲ್ಕು ವರ್ಷದಿಂದ ಅವನು ಮುಂಬಯಿಯಲ್ಲಿ ವಾಚ್‌ಮನ್. ಈಗ ಪವಾಯಿಯ ಒಂದು ಕಾಂಪ್ಲೆಕ್ಸಿನ ಗೇಟಿನಲ್ಲಿ, ಕೈಯಲ್ಲಿ ಲಾಠಿ, ಕೊರಳಲ್ಲಿ ಸೀಟಿ. ವಾಚ್‌ಮನ್ನಿಗೂ ಗನ್‌ಮ್ಯಾನಿಗೂ ಇರುವ ವ್ಯತ್ಯಾಸ ಬಂದೂಕು ಎಂದು ಲೋಕ ತಿಳಿದಿದೆ. ಅದು ತಪ್ಪು. ವ್ಯತ್ಯಾಸ ಕುರ್ಚಿ. ವಾಚ್‌ಮನ್ ಕೂತರೆ ಬಿಲ್ಡಿಂಗಿನವರು ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಗನ್‌ಮ್ಯಾನನ್ನು ಕಂಪನಿಯೇ ಕೂಡಿಸುತ್ತದೆ. ಬಂದೂಕು ತೊಡೆಯ ಮೇಲೆ, ಬೆನ್ನು ಗೋಡೆಗೆ. ಅಣವೀರಪ್ಪನ ಮೊಣಕಾಲುಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಒಂದು ಸೋಮವಾರ ಅವನ ಸೂಪರ್‌ವೈಸರ್ ಶಾಂತಪ್ಪ ಮೋಟರ್‌ಸೈಕಲ್ ಮೇಲೆ ಬಂದ. ಶಾಂತಪ್ಪ ಮಿಲ್ಟ್ರಿಯಲ್ಲಿ ಹದಿನೇಳು ವರ್ಷ ಇದ್ದು ಬಂದವನು. ಚಹಾ ಕುಡಿಯುವುದನ್ನೂ ಆಜ್ಞೆಯ ಹಾಗೆ ಮಾಡುತ್ತಿದ್ದ.

"ಅಣವೀರಪ್ಪ, ಬೊರಿವಲ್ಯಾಗ ಬಂಗಾರ ಅಡ ಇಟ್ಕೊಳ್ಳೋ ಕಂಪನೀದು ಹೊಸಾ ಬ್ರಾಂಚ್. ಮುಂದಿನ ಸೋಮವಾರ ಚಾಲೂ. ಗನ್‌ಮ್ಯಾನ್ ಬೇಕಾಗ್ಯಾನ. ಗನ್ ಅವನೇ ತರಬೇಕು. ನಿಂದು ಲೈಸನ್ಸ್ ಅದ ಅಲಾ?"

"ಅದರೀ ಸಾಹೇಬ್ರ. ನನ್ನ ಹೆಸರಿಗಿ ಮಾಡಿಸಿ, ಮಹಾರಾಷ್ಟ್ರಕ್ಕೂ ನಡೀತದ ಅಂತ ಶಿಕ್ಕಾ ಹೊಡಿಸೀನಿ. ಬಾರಾ ಬೋರ್, ಎರಡು ನಳಿಗಿಂದು ತಗೋಬಹುದು ಅಂತ ಬರದಾರ. ಆದ್ರ ಈ ಶನಿವಾರದೊಳಗ ತಗೋಬೇಕು. ಇಲ್ಲಂದ್ರ ರದ್ದು."

"ಮತ್ತ ತಗೋ. ನಳಿಗಿ ಬಾಜೂ ಬಾಜೂ ಇರ್ಬೇಕು, ನೋಡು."

"ಎರಡು ಅಂದ ಮ್ಯಾಲ ಬಾಜೂ ಬಾಜೂನೇ ಇರ್ತಾವಲ್ರೀ?"

"ಒಂದರ ಮ್ಯಾಲ ಒಂದೂ ಇರ್ತಾವ."

ಅಣವೀರಪ್ಪ ಬಾಯಿ ತೆರೆದ. ನಲವತ್ತೊಂದು ವರ್ಷದ ಬಾಳಿನಲ್ಲಿ ಈ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಒಂದರ ಮೇಲೆ ಒಂದು! ಹಾಗಾದರೆ ಯಾವುದು ಮೊದಲು ಹಾರುತ್ತದೆ? ಕೆಳಗಿನದಕ್ಕೆ ಮೇಲಿನದು ಅಡ್ಡ ಬರುವುದಿಲ್ಲವೆ? ಮನುಷ್ಯನಿಗೆ ಕುತೂಹಲ ಎಂಬುದು ಹಲ್ಲುನೋವಿನ ಹಾಗೆ. ಒಮ್ಮೆ ಶುರುವಾದರೆ ನಾಲಗೆ ಅಲ್ಲಿಗೇ ಹೋಗುತ್ತದೆ.

ಶಾಂತಪ್ಪ ಹೊರಡುವಾಗ ಇನ್ನೊಂದು ಮಾತು ಸೇರಿಸಿದ. "ಚಾಳಿನಾಗ ಬಂದೂಕ ಗಿಂದೂಕ ಅಂತ ಬಾಯಿ ಬಿಡಬ್ಯಾಡ. ಮಂದಿ ಹೆದರಿ ಅರ್ಜಿ ಕೊಡ್ತಾರ. ಫೋನ್‌ನಾಗ ಮಾತಾಡೋದಾದ್ರ 'ನಳ' ಅನ್ನು. ಯಾರಿಗೂ ಸಂಶಯ ಬರಂಗಿಲ್ಲ."

ಕಲಬುರಗಿಯ ಕಡೆ ನಳ ಎಂದರೆ ನೀರಿನ ನಲ್ಲಿ. ಮರಾಠಿಯಲ್ಲೂ ಅದೇ. ಅದಕ್ಕಿಂತ ನಿರುಪದ್ರವಿಯಾದ ವಸ್ತು ಮುಂಬಯಿಯಲ್ಲಿ ಇಲ್ಲವೆಂದು ಶಾಂತಪ್ಪನ ನಂಬಿಕೆ. ಅವನು ಮಿಲ್ಟ್ರಿಯಲ್ಲಿ ಇದ್ದವನು, ಚಾಳಿನಲ್ಲಿ ಇದ್ದವನಲ್ಲ.

ಮರುದಿನ ಗೇಟಿನಲ್ಲಿ ಅಣವೀರಪ್ಪ ಹದಿನಾಲ್ಕನೆಯ ಮಹಡಿಯ ಕಿಟ್ಟು ಅವರ ಕಾರನ್ನು ತಡೆದು ನಳಿಗೆಯ ಸಂಗತಿ ಕೇಳಿದ. ಕಿಟ್ಟು ಮೈಸೂರಿನವರು, ಐಟಿ ಆಫೀಸಿನಲ್ಲಿ ಇಂಜಿನಿಯರು. ಭಾನುವಾರಕ್ಕೊಮ್ಮೆ ಉದ್ದನೆಯ ಚೀಲ ಹೊತ್ತು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದರು. ಇಡೀ ಕಾಂಪ್ಲೆಕ್ಸಿನಲ್ಲಿ ಬಂದೂಕಿನ ಬಗ್ಗೆ ಮಾತಾಡಬಲ್ಲವರು ಅವರೊಬ್ಬರೇ. ಕೇಳುವವರು ಮಾತ್ರ ಇದುವರೆಗೆ ಯಾರೂ ಸಿಕ್ಕಿರಲಿಲ್ಲ.

"ಅಯ್ಯೋ, ಒಂದರ ಮೇಲೊಂದು ಇರೋದೇ ತಗೊಳ್ಳಿ ಕಣ್ರೀ!" ಕಿಟ್ಟು ಕಾರಿನಿಂದ ಇಳಿದೇಬಿಟ್ಟರು. ಎರಡು ತೋರುಬೆರಳನ್ನು ಒಂದರ ಮೇಲೊಂದು ಇಟ್ಟು ಅಣವೀರಪ್ಪನ ಮೂಗಿನ ಮುಂದೆ ಹಿಡಿದರು. "ನೋಡಿ, ಗುರಿ ಇಡೋವಾಗ ನಿಮಗೆ ಕಾಣ್ಸೋದು ಮೇಲಿನ ನಳಿಗೆ ಒಂದೇ. ಗೆರೆ ಎಳ್ದಂಗೆ. ಅಕ್ಕಪಕ್ಕ ಇದ್ರೆ ಎರಡರ ಮಧ್ಯೆ ಕಣ್ಣು ಓಡಾಡತ್ತೆ. ಮತ್ತೆ ಕೆಳಗಿನ ನಳಿಗೆ ಹೊಡೆದ್ರೆ ಒದೆತ ನೇರ ಭುಜಕ್ಕೆ ಬರತ್ತೆ, ಬಂದೂಕು ಮೇಲಕ್ಕೆ ಹಾರಲ್ಲ. ಕ್ಲಬ್ಬಲ್ಲಿ ಮಣ್ಣಿನ ತಟ್ಟೆ ಹಾರಿಸ್ತಾರೆ, ನಾನು ಹತ್ತಕ್ಕೆ ಎಂಟು ಹೊಡೀತೀನಿ."

"ಬ್ರಾಂಚ್‌ನಾಗ ತಾಟು ಹಾರಂಗಿಲ್ಲಲ್ರೀ ಸರ್?"

"ಕಳ್ಳ ಹಾರ್ತಾನಲ್ರೀ!"

ಹಿಂದೆ ನಿಂತಿದ್ದ ಆರು ಕಾರುಗಳು ಹಾರ್ನ್ ಬಾರಿಸುತ್ತಿದ್ದವು. ಅಣವೀರಪ್ಪನಿಗೆ ಕೇಳಿಸಲಿಲ್ಲ. ಅವನು ಬೆರಳುಗಳನ್ನು ಒಮ್ಮೆ ಅಕ್ಕಪಕ್ಕ, ಒಮ್ಮೆ ಮೇಲೆಕೆಳಗೆ ಇಟ್ಟು ನೋಡುತ್ತಿದ್ದ.

ಅಂದು ಸಂಜೆ ವಡಾಲದ ತನ್ನ ಚಾಳಿನ ಗ್ಯಾಲರಿಯಲ್ಲಿ ನಿಂತು ಅವನು ಶಾಂತಪ್ಪನಿಗೆ ಫೋನ್ ಮಾಡಿದ. ಖೋಲಿಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಆ ಚಾಳಿನಲ್ಲಿ ಮೂವತ್ತೆರಡು ಖೋಲಿ, ಖೋಲಿಗೊಂದು ಸಂಸಾರ, ಅಂಗಳದಲ್ಲಿ ಒಂದೇ ನಳ. ಬೆಳಿಗ್ಗೆ ಐದೂವರೆಗೆ ಬಂದ ನೀರು ಆರೂಕಾಲಿಗೆ ಹೋಗುತ್ತಿತ್ತು.

"ಹಲೋ ಸಾಹೇಬ್ರ, ನಳದ್ದು ಕೇಳ್ಬೇಕಾಗಿತ್ತು... ಹೌದ್ರಿ, ಎರಡೂ ನಳ. ಲೈಸನ್ಸ್ ಕೈಯಾಗೇ ಅದ... ಪವಾಯಿ ಇಂಜಿನಿಯರ್ ಸಾಹೇಬ್ರು ಮ್ಯಾಲೊಂದು ಕೆಳಗೊಂದು ಇರ್ಲಿ ಅಂತಾರ... ನೀವು ಬಾಜೂ ಬಾಜೂನೇ ಅಂತೀರಿ?... ಹಾಂ, ಶನಿವಾರದೊಳಗ... ಬಾರಾ ಬೋರ್ ರೀ. ಬಾರಾ ಬೋರ್!"

ನಾಲ್ಕು ಹೆಜ್ಜೆ ಆಚೆ ಚಾಳಿನ ಸೆಕ್ರೆಟರಿ ಕಾಶಿನಾಥ ಹೊಗೆಸೊಪ್ಪಿನ ಮಿಶ್ರಿಪುಡಿಯಿಂದ ಹಲ್ಲು ತಿಕ್ಕುತ್ತಿದ್ದ. ಬೀದರದ ಕಡೆಯವನು. ಎರಡನೆಯ ನಳಕ್ಕಾಗಿ ಒಂಬತ್ತು ವರ್ಷದಿಂದ ವಾರ್ಡ್ ಆಫೀಸಿಗೆ ಅಲೆದು ಸೆಕ್ರೆಟರಿ ಪದವಿ ಉಳಿಸಿಕೊಂಡಿದ್ದವನು. "ಎರಡು ನಳ, ಲೈಸನ್ಸ್" ಎಂದು ಕೇಳಿದಾಗ ಅವನ ಬೆರಳು ಹಲ್ಲಿನ ಮೇಲೆ ನಿಂತಿತು. "ಬಾರಾ ಬೋರ್" ಎಂದಾಗ ಮಿಶ್ರಿ ನುಂಗಿಬಿಟ್ಟ. ಅವನ ಊರಲ್ಲಿ ಬೋರ್ ಎಂದರೆ ಕೊಳವೆಬಾವಿ. ಒಂದು ಕೊರೆಯಿಸಿದವನು ಪಂಚಾಯಿತಿಗೆ ನಿಲ್ಲುತ್ತಾನೆ. ಇಲ್ಲಿ ಒಬ್ಬ ವಾಚ್‌ಮನ್ ಹನ್ನೆರಡು ಬೋರಿನ ಮಾತಾಡುತ್ತಿದ್ದಾನೆ, ಅದೂ ಲುಂಗಿ ಉಟ್ಟುಕೊಂಡು!

ಊಟದ ಹೊತ್ತಿಗೆ ಸುದ್ದಿ ಮೂವತ್ತೆರಡೂ ಖೋಲಿಗಳನ್ನು ಸುತ್ತಿ ಬಂತು.

ಬುಧವಾರ ಬೆಳಿಗ್ಗೆ ಅಣವೀರಪ್ಪನ ಹೆಂಡತಿ ಭಾಗವ್ವ ಕೊಡ ಹಿಡಿದು ಅಂಗಳಕ್ಕೆ ಇಳಿದಳು. ಸಾಲಿನಲ್ಲಿ ಅವಳದು ಸಾಮಾನ್ಯವಾಗಿ ಹದಿನೆಂಟನೆಯ ಜಾಗ. ಸಾಲಿನ ಯಜಮಾನಿಕೆ ಇಂದ್ರಾಬಾಯಿಯದು. ಜತ್ತದ ಕಡೆಯ ಈ ಹೆಂಗಸಿನ ಕನ್ನಡಕ್ಕೆ ಮರಾಠಿಯ ಒಗ್ಗರಣೆ ಇತ್ತು, ದನಿಗೆ ಯಾವ ಒಗ್ಗರಣೆಯೂ ಬೇಕಿರಲಿಲ್ಲ.

"ಏ, ಸರಕಾ, ಸರಕಾ, ಅತ್ತ ಸರೀರಿ! ಭಾಗವ್ವಂದು ಕೊಡ ಮುಂದ ಇಡ್ರಿ!"

"ನಂದ್ಯಾಕ್ರೀ ಬಾಯಿ?"

"ನಿಂದಲ್ದೆ ಯಾರದು? ಶನಿವಾರ ಆದ ಮ್ಯಾಲ ನಮ್ಮನ್ನೆಲ್ಲಾ ನೆನಪ ಇಟ್ಟರ ಸಾಕು."

ಭಾಗವ್ವ ಮೊದಲ ಕೊಡ ತುಂಬಿಕೊಂಡು ಓಡಿಬಂದಳು. "ಏನ್ರೀ, ಇವರಿಗೆಲ್ಲಾ ಗೊತ್ತಾಗ್ಯದ. ನಾ ಅಂತೂ ಬಾಯಿ ಬಿಟ್ಟಿಲ್ಲ, ಸಿದ್ಧರಾಮನ ಆಣಿ. ನನ್ನ ಕೊಡ ಮೊದಲ ನಂಬರಿಗೆ ಇಟ್ಟಾರ!"

"ಗನ್‌ಮ್ಯಾನ್ ಹೆಂಡ್ತಿ ಅಂದ್ರ ಹಂಗೇ," ಎಂದ ಅಣವೀರಪ್ಪ, ಮೀಸೆ ಮುಟ್ಟಿಕೊಂಡು. ಮರ್ಯಾದೆ ಸಿಗುವಾಗ ಅದು ಯಾಕೆ ಸಿಗುತ್ತಿದೆ ಎಂದು ಕೇಳುವ ಮನುಷ್ಯ ವಡಾಲದಲ್ಲಿ ಇನ್ನೂ ಹುಟ್ಟಿಲ್ಲ.

ಸಂಜೆ ಕಾಶಿನಾಥ, ಇಂದ್ರಾಬಾಯಿ ಮತ್ತು ಅವರ ಹಿಂದೆ ಹತ್ತು ಹನ್ನೆರಡು ಜನ ಖೋಲಿಗೆ ಬಂದರು. ಇಂದ್ರಾಬಾಯಿಯ ಕೈಯಲ್ಲಿ ಹೋಳಿಗೆಯ ಡಬ್ಬಿ.

"ಅಣವೀರಪ್ಪನವ್ರ, ನಮಗ ಎಲ್ಲಾ ತಿಳದದ. ಮುಚ್ಚಿಡಬ್ಯಾಡ್ರಿ," ಎಂದ ಕಾಶಿನಾಥ. ನಿನ್ನೆಯವರೆಗೆ ಬರೀ 'ಅಣವ್ಯಾ' ಎನ್ನುತ್ತಿದ್ದವನು.

ಅಣವೀರಪ್ಪ ಬಾಗಿಲು ಹಾಕಿದ. "ನಿಮಗ ಭೀತಿ ಇಲ್ಲೇನ್ರಿ?"

"ಭೀತಿ ಯಾಕ? ಚಾಳಿಗೇ ಹೆಮ್ಮಿ. ಯಾವ ನಮೂನಿದು ತಗೊಳ್ಳತ್ತೀರಿ, ಅದಷ್ಟ ಹೇಳ್ರಿ."

"ಅದೇ ತಿಳೀವಲ್ದು. ಬಾಜೂ ಬಾಜೂನೋ, ಮ್ಯಾಲೊಂದು ಕೆಳಗೊಂದೋ."

"ಬಾಜೂ ಬಾಜೂ!" ಎಂದಳು ಇಂದ್ರಾಬಾಯಿ. "ಇಬ್ಬರು ಹೆಂಗಸರು ಒಮ್ಮೆಗೇ ನಿಂತು ಬಿಡಬಹುದು."

"ಹೆಂಗಸರು ಬಿಡ್ತಾರಾ?"

"ಮಗ್ ಕೋಣ್, ಮತ್ಯಾರು? ಗಂಡಸರು ಎಂದರ ಬಿಟ್ಟಾರೇನು? ಐದೂವರೆಗೆ ನಿಮ್ಮ ಗಂಡಸರು ಗೊರಕಿ ಹೊಡೀತಿರ್ತಾರ."

ಅಣವೀರಪ್ಪ ಇಂದ್ರಾಬಾಯಿಯ ತೋಳು ನೋಡಿದ. ಎರಡು ತುಂಬಿದ ಹಂಡೆಗಳನ್ನು ಒಂದೇ ಕೈಯಲ್ಲಿ ಎತ್ತುವ ತೋಳು. ಬಂದೂಕಿನ ಒದೆತ ಆ ಭುಜಕ್ಕೆ ಏನೂ ಅಲ್ಲ ಎಂದು ಅವನಿಗೆ ಅನಿಸಿತು.

"ಮ್ಯಾಲೆ ಕೆಳಗ ಇದ್ರ ಜಾಗ ಕಮ್ಮಿ ಹಿಡೀತದ," ಎಂದ ಕಾಶಿನಾಥ. "ಆದ್ರ ಮ್ಯಾಲಿಂದು ಬಿಟ್ರ ಕೆಳಗಿಂದಕ್ಕ ಜೋರು ಇರ್ತದಾ?"

"ಕೆಳಗಿಂದೇ ಜೋರಂತ್ರಿ. ನೇರ ಭುಜಕ್ಕ ಬಡೀತದಂತ."

"ಹಂಗಾದ್ರ ಕೂತು ಹಿಡೀಬೇಕು," ಎಂದು ಹಿಂದಿನಿಂದ ಯಾರೋ ಅಂದರು.

"ಕೂತೇ ಹಿಡಿಯೋದ್ರಿ! ಅದಕ್ಕೇ ಅಲ್ಲ ಇಷ್ಟೆಲ್ಲಾ," ಎಂದ ಅಣವೀರಪ್ಪ ಮನಸಾರೆ.

"ದಿನಕ್ಕ ಎಷ್ಟು ಸಲ ಬರ್ತದ?"

"ಎರಡೇ ಸಲ. ಆಮ್ಯಾಲ ಮತ್ತ ತುಂಬಬೇಕಾಗ್ತದ."

"ಎರಡು ಸಲ!" ಎಂದ ಕಾಶಿನಾಥ, ಹಿಂದಿನವರ ಕಡೆ ತಿರುಗಿ. "ಬೆಳಿಗ್ಗಿ ಒಮ್ಮೆ, ಸಂಜೀಗ ಒಮ್ಮೆ. ಬಂಗಾರದಂಥಾ ಮಾತು."

ಅಲ್ಲಿಂದ ಚಾಳು ಎರಡು ಪಕ್ಷವಾಯಿತು. ಬಾಜೂಬಾಜೂ ಪಕ್ಷಕ್ಕೆ ಇಂದ್ರಾಬಾಯಿ, ಮೇಲೆಕೆಳಗೆ ಪಕ್ಷಕ್ಕೆ ಕಾಶಿನಾಥ. ಮೆಟ್ಟಿಲಲ್ಲಿ, ಪಾಯಖಾನೆಯ ಸಾಲಿನಲ್ಲಿ, ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಅವರು ವಾದಿಸಿದರು. ಒಬ್ಬ ಬಡಗಿ ಮರದ ತುಂಡುಗಳಲ್ಲಿ ಎರಡೂ ಬಗೆಯ ಮಾದರಿ ಮಾಡಿ ತೋರಿಸಿದ. ಒಂದು ಬಂದೂಕಿನ ಆಯ್ಕೆಯಲ್ಲಿ ಒಂದು ಇಡೀ ಚಾಳು ಇಷ್ಟು ಶ್ರದ್ಧೆಯಿಂದ ತಲೆ ಹಾಕಿದ ಉದಾಹರಣೆ ಬೇರೆಲ್ಲೂ ಇರಲಾರದು. ಬಂದೂಕು ಎಂಬ ಶಬ್ದ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ಗುಟ್ಟು ಕಾಯುವುದೆಂದರೆ ಹೀಗೆ ಎಂದು ಅಣವೀರಪ್ಪ ಮೆಚ್ಚಿಕೊಂಡ.

ಗುರುವಾರ ರಜೆ ಹಾಕಿ ಅವನು ಫೋರ್ಟ್ ಪ್ರದೇಶದ ಬಂದೂಕಿನ ಅಂಗಡಿಗೆ ಹೋದ. ದುಡ್ಡಿಗೆ ಭಾಗವ್ವನ ಬಳೆಗಳಿದ್ದವು. ಆ ಮಾತು ಇಲ್ಲಿ ಬೇಡ. ಅಂಗಡಿಯ ಶೇಠ್ ಮುದುಕ, ಹಿಂದಿಯಲ್ಲಿ ನಿಧಾನವಾಗಿ ಮಾತಾಡುವವನು. ಲೈಸನ್ಸನ್ನು ಎರಡು ಸಲ ಓದಿ, ಎರಡು ಬಂದೂಕುಗಳನ್ನು ಹಸಿರು ಬಟ್ಟೆಯ ಮೇಲೆ ಇಟ್ಟ.

ಅಣವೀರಪ್ಪ ಮೊದಲು ಮುಟ್ಟಲಿಲ್ಲ, ಸುತ್ತು ಹಾಕಿ ನೋಡಿದ. ಆಮೇಲೆ ಶುರು ಮಾಡಿದ: ಇದು ಯಾಕೆ ಹೀಗೆ, ಅದು ಯಾಕೆ ಹಾಗೆ? ಶೇಠ್ ಎರಡನ್ನೂ ಮಧ್ಯಕ್ಕೆ ಮುರಿದಂತೆ ಬಾಗಿಸಿ ತೋರಿಸಿದ. ಅಕ್ಕಪಕ್ಕದ್ದು ಸ್ವಲ್ಪ ಬಾಗಿದರೆ ಸಾಕು, ಎರಡು ತೂತೂ ಕಾಣುತ್ತವೆ, ತೋಟಾ ತುರುಕಬಹುದು. ಮೇಲೆಕೆಳಗಿನದರಲ್ಲಿ ಕೆಳಗಿನ ತೂತು ಆಳದಲ್ಲಿದೆ. ಅದು ಹೊರಗೆ ಬರಬೇಕಾದರೆ ಬಂದೂಕು ಪೂರ್ತಿ ಬಗ್ಗಬೇಕು. ಅಕ್ಕಪಕ್ಕದ್ದಕ್ಕೆ ಎರಡು ಕುದುರೆ, ಒಂದೊಂದು ನಳಿಗೆಗೆ ಒಂದೊಂದು. ಯಾವುದನ್ನು ಎಳೆದರೆ ಅದು ಹಾರುತ್ತದೆ. ಮೇಲೆಕೆಳಗಿನದಕ್ಕೆ ಒಂದೇ ಕುದುರೆ. ಎಳೆದರೆ ಒಂದು, ಮತ್ತೆ ಎಳೆದರೆ ಇನ್ನೊಂದು. ಅಕ್ಕಪಕ್ಕದ್ದು ಹಗುರ, ಮೇಲೆಕೆಳಗಿನದು ಭಾರ.

"ಕಳ್ಳನಿಗೆ ಯಾವುದು ಹೆಚ್ಚು ಹೆದರಿಕೆ?" ಎಂದು ಕೇಳಿದ ಅಣವೀರಪ್ಪ.

ಬಂದೂಕುಗಳು ಖಾಲಿ ಇವೆ ಎಂದು ಎರಡೆರಡು ಸಲ ತೋರಿಸಿ, ಶೇಠ್ ಅವುಗಳನ್ನು ಮೇಜಿನ ಅಂಚಿಗೆ ಒರಗಿಸಿ ಅವನನ್ನು ಎದುರಿಗೆ ಕಳಿಸಿದ. ಅಣವೀರಪ್ಪ ಬಗ್ಗಿ, ಕಳ್ಳನ ಕಣ್ಣಿನಿಂದ ನೋಡಿದ. ಮೇಲೆಕೆಳಗಿನದು ಎಂಟು ಅಂಕಿಯ ಹಾಗೆ ಕಾಣುತ್ತಿತ್ತು. ಅಕ್ಕಪಕ್ಕದ್ದು ಸಿಟ್ಟಿಗೆದ್ದ ಎಮ್ಮೆಯ ಮೂಗಿನ ಹೊಳ್ಳೆಗಳ ಹಾಗೆ. ಎಂಟು ಅಂಕಿ ನೋಡಿ ಯಾರು ಓಡುತ್ತಾರೆ? ಆದರೂ ತೀರ್ಮಾನವಾಗಲಿಲ್ಲ. ಕಿಟ್ಟು ಸರ್ ಹೇಳಿದ ಗೆರೆಯೂ ಖರೆಯೇ ಇತ್ತು. ಮೇಲಿನ ನಳಿಗೆಯ ಬೆನ್ನ ಮೇಲೆ ಕಣ್ಣಿಟ್ಟರೆ ಎದುರಿನ ಗೋಡೆಯ ಗಡಿಯಾರದ ಮುಳ್ಳು ತುದಿಗೆ ಬಂದು ಕೂರುತ್ತಿತ್ತು.

"ಶೇಠ್‌ಜಿ, ಒಂದು ಕುರ್ಚಿ ಕೊಡ್ತೀರಾ?"

ಶೇಠ್ ನಲವತ್ತು ವರ್ಷದಿಂದ ಬಂದೂಕು ಮಾರುತ್ತಿದ್ದ. ಜನ ಕನ್ನಡಿ ಕೇಳಿದ್ದಾರೆ, ದೇವರ ಫೋಟೋ ಕೇಳಿದ್ದಾರೆ. ಕುರ್ಚಿ ಯಾರೂ ಕೇಳಿರಲಿಲ್ಲ. ಕೊಟ್ಟ. ಅಣವೀರಪ್ಪ ಕೂತ, ಬೆನ್ನನ್ನು ಗೋಡೆಗೆ ಕೊಟ್ಟ, ಮೇಲೆಕೆಳಗಿನದನ್ನು ತೊಡೆಯ ಮೇಲೆ ಇಟ್ಟ. ಅದು ಒಂದು ಮಗ್ಗುಲಿಗೆ ಹೊರಳಿತು. ಮತ್ತೆ ಇಟ್ಟ, ಮತ್ತೆ ಹೊರಳಿತು. ಅಕ್ಕಪಕ್ಕದ್ದನ್ನು ಇಟ್ಟ. ಅದು ಹಲಗೆಯ ಹಾಗೆ ಅಗಲವಾಗಿ ಮಲಗಿತು, ಅಲುಗಲಿಲ್ಲ. ಅವನು ಐದು ನಿಮಿಷ ಹಾಗೇ ಕೂತಿದ್ದ. ದಿನಕ್ಕೆ ಹನ್ನೆರಡು ಗಂಟೆ ಕೂರುವವನಿಗೆ ಬಂದೂಕು ಹಾರುವ ಬಗೆಗಿಂತ ಮಲಗುವ ಬಗೆ ಮುಖ್ಯ. ಪವಾಯಿಯ ಇಂಜಿನಿಯರಿಗೂ ಮಿಲ್ಟ್ರಿಯ ಶಾಂತಪ್ಪನಿಗೂ ಹೊಳೆಯದ ಸಂಗತಿ ಇದು.

"ಇದೇ," ಎಂದ.

"ನಿಮ್ಮ ಠಾಣೆಯಲ್ಲಿ ಲೈಸನ್ಸ್ ನೋಂದಾಯಿಸಿ ಸಹಿ ತನ್ನಿ," ಎಂದ ಶೇಠ್. "ಶನಿವಾರ ಸಂಜೆ ಅಂಗಡಿ ಮುಚ್ಚುವವರೆಗೆ ಇಟ್ಟಿರುತ್ತೇನೆ."

ಮರಳುವಾಗ ಅಣವೀರಪ್ಪ ವಡಾಲದ ಠಾಣೆಯಲ್ಲಿ ಅರ್ಜಿ ಕೊಟ್ಟ. ಚಾಳಿನ ಅಂಗಳದಲ್ಲಿ ಜನ ಕಾದಿದ್ದರು. "ಬಾಜೂ ಬಾಜೂ!" ಎಂದು ಅವನು ಘೋಷಿಸಿದ. ಇಂದ್ರಾಬಾಯಿಯ ಪಕ್ಷ ಚಪ್ಪಾಳೆ ಹೊಡೆಯಿತು. ಕಾಶಿನಾಥ ಮುಖ ಸಿಂಡರಿಸಿದರೂ ಸೆಕ್ರೆಟರಿಯ ಕರ್ತವ್ಯ ಮರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ನೀರು ನಿಂತ ಕೂಡಲೇ ಪ್ಲಂಬರನ್ನು ಕರೆಸಿ ಹಳೆಯ ಹಿತ್ತಾಳೆ ನಳ ಬಿಚ್ಚಿಸಿದ, ಗೋಡೆಯಲ್ಲಿ ಅಕ್ಕಪಕ್ಕ ಎರಡು ತೂತು ಕೊರೆಯಿಸಿದ, ಪೈಪಿನ ಬಾಯಿಗೆ ಮರದ ಬೆಣೆ ಬಡಿಸಿದ. ಡ್ಯೂಟಿಗೆ ಹೊರಟ ಅಣವೀರಪ್ಪ ಇದನ್ನು ನೋಡಿ, "ರಿಪೇರಿಯಾ? ಛಲೋ ಆಯ್ತು," ಎಂದು ಹೇಳಿ ಹೋದ.

ಸಂಜೆ ಠಾಣೆಯ ಹವಾಲ್ದಾರ ಗುರುಬಸವ ಅರ್ಜಿಯ ಚೌಕಶಿಗೆ, ಅಂದರೆ ವಿಚಾರಣೆಗೆ, ಬಂದ. ಅಕ್ಕಲಕೋಟೆಯವನಾದ್ದರಿಂದ ಕನ್ನಡ ಬರುತ್ತಿತ್ತು. ಕೈಯಲ್ಲಿ ಹಾಳೆ, ಪೆನ್ನು. "ನೀವು ಒಳಗ ಕೂಡ್ರಿ," ಎಂದು ಅಣವೀರಪ್ಪನನ್ನು ಖೋಲಿಯೊಳಗೆ ಕಳಿಸಿ ಬಾಗಿಲು ಎಳೆದುಕೊಂಡ. "ಇದು ಗುಪ್ತ ಚೌಕಶಿ."

ಗುಪ್ತ ಚೌಕಶಿಗೆ ಎಂಬತ್ತು ಜನ ಸೇರಿದರು. ಕಿಟಕಿಯ ಹಿಂದೆ ಗಂಡಹೆಂಡಿರು ಕಿವಿಗೊಟ್ಟು ಕೂತರು.

"ಅಣವೀರಪ್ಪ ಮನುಷ್ಯ ಹ್ಯಾಂಗ?"

"ದೇವರಂಥಾ ಮನುಷ್ಯಾ!"

"ಅವರಿಗೆ ಎರಡು ನಳಿಂದು ಲೈಸನ್ಸ್ ಅದ. ಇಲ್ಲಿ ಇಟ್ಕೊಳ್ಳಾಕ ನಿಮ್ದೇನರ ಹರಕತ್, ತಕರಾರು?"

"ಹರಕತ್ ಯಾಕ್ರೀ ಸಾಹೇಬ? ಎರಡ್ಯಾಕ, ನಾಕು ಕೊಡ್ರಿ!"

ಗುರುಬಸವ ಬರೆದುಕೊಂಡ. "ಆದ್ರ ಇಲ್ಲಿ ಬಿಡಂಗಿಲ್ಲ. ಅದು ಗೊತ್ತದನೋ?"

"ಬಿಡಂಗಿಲ್ಲ?" ಇಂದ್ರಾಬಾಯಿ ಮುಂದೆ ಬಂದಳು. "ಮತ್ತ ಎಲ್ಲಿ ಬಿಡ್ಬೇಕು, ಸ್ಟೇಶನ್‌ದಾಗ? ಇಲ್ಲೇ ಅಂಗಳದಾಗ ಬಿಡ್ಬೇಕು! ದಿನಾ ಬೆಳಿಗ್ಗಿ ಐದೂವರೆಗೆ. ನಾವು ಐದಕ್ಕೇ ಸಾಲಾಗಿ ನಿಂತಿರ್ತೀವಿ."

ಪೆನ್ನು ನಿಂತಿತು. "ಸಾಲಾಗಿ? ಯಾರು?"

"ಹೆಂಗಸರು ಮೊದಲು. ಬಸುರಿ ಇದ್ರ ಆಕೀಗೆ ಎಲ್ಲಾರ್ಕಿಂತ ಮೊದಲು. ಅದು ನಮ್ಮ ಚಾಳಿನ ನಿಯಮ."

ಒಳಗೆ ಭಾಗವ್ವ ಗಂಡನನ್ನು ತಿವಿದಳು. "ಬಸುರಿಗಿ ಯಾಕ ಬಿಡ್ತೀರಿ ನೀವು?"

"ಸಲಾಮಿ ಇರ್ಬೇಕು," ಎಂದ ಅಣವೀರಪ್ಪ ಪಿಸುಮಾತಿನಲ್ಲಿ. "ಇಪ್ಪತ್ತಾರನೇ ಜನವರಿಗಿ ಸಾಲಾಗಿ ನಿಲ್ತಾರಲ್ಲ, ಹಂಗ. ಸುಮ್ಕಿರು, ಹೊಗಳ್ಲತ್ತಾರ."

ಹೊರಗೆ ಕಾಶಿನಾಥ ತನ್ನ ಅಳಲು ತೋಡಿಕೊಂಡ. "ನಾ ಅಂದಿದ್ದೆ ಸಾಹೇಬ್ರ, ಮ್ಯಾಲೊಂದು ಕೆಳಗೊಂದು ಇರ್ಲಿ ಅಂತ. ಮ್ಯಾಲಿಂದು ದೊಡ್ಡವರಿಗಿ, ಕೆಳಗಿಂದು ಸಣ್ಣ ಹುಡುಗರಿಗಿ. ಎತ್ತರಕ್ಕ ಸರಿಯಾಗ್ತದ. ಅಣವೀರಪ್ಪ ಕೇಳ್ಲಿಲ್ಲ. ಎಲ್ಲಾರಿಗೂ ಒಂದೇ ಲೆವೆಲ್ ಅಂದ."

ಗುರುಬಸವ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಮತ್ತ... ಮುದುಕರಿಗಿ?"

"ಅವರು ಸಾಲಿಗಿ ಬರೋದು ಬ್ಯಾಡ. ಅವರ ಪಾಲಿಂದು ಮನೀಗೇ ಮುಟ್ಟಿಸ್ತೀವಿ."

"ಇದಕ್ಕ ಎಲ್ಲಾರ ಒಪ್ಪಿಗಿ ಅದನೋ?"

"ಮೂವತ್ತೆರಡೂ ಮನೀದು! ಸಹಿ ಬೇಕಾ?"

ಮೂವತ್ತೆರಡೂ ಮನೆಗಳವರು ಸಹಿ ಮಾಡಿದರು. ಬರೆಯಲು ಬಾರದ ನಾಲ್ವರು ಹೆಬ್ಬೆಟ್ಟು ಒತ್ತಿದರು. ಒಬ್ಬಳು ಗರ್ಭಿಣಿ ಮೆಟ್ಟಿಲಿಳಿದು ಬಂದು, ನಗುತ್ತ, ತನ್ನ ಹೆಸರು ಮೊದಲು ಇರಬೇಕೆಂದು ಎಲ್ಲರ ಮೇಲೆ ಬರೆದಳು. ಗುರುಬಸವ ಯಾರ ಮುಖವನ್ನೂ ನೋಡದೆ, ಚಹಾ ಕುಡಿಯದೆ, ಗೋಡೆಗೆ ಬೆನ್ನು ತಾಗಿಸಿಕೊಂಡು ಹೊರಗೆ ಹೋದ.

ಶನಿವಾರ ಹನ್ನೊಂದಕ್ಕೆ ಅಣವೀರಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಠಾಣೆಗೆ ಹೋದ. ಇನ್ಸ್‌ಪೆಕ್ಟರ್ ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ನೋಟದಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಹಾಳೆಯನ್ನು ಮರಾಠಿಯಲ್ಲಿ ಓದತೊಡಗಿದರು. ಪಕ್ಕದಲ್ಲಿ ನಿಂತ ಗುರುಬಸವ ಕನ್ನಡದಲ್ಲಿ ಹೇಳುತ್ತ ಹೋದ.

"ಒಂದನೇದು. ಅರ್ಜಿದಾರ ದಿನಾ ಬೆಳಿಗ್ಗಿ ಐದೂವರೆಗೆ ಚಾಳಿನ ಅಂಗಳದಾಗ ಎರಡೂ ನಳಿ ಬಿಡ್ತಾನ. ಎರಡನೇದು. ರಹಿವಾಸಿಗಳು ಸಾಲಾಗಿ ನಿಲ್ತಾರ. ಬಸುರಿ ಹೆಂಗಸರು ಮೊದಲು. ಮೂರನೇದು. ಸಣ್ಣ ಮಕ್ಕಳ ಎತ್ತರಕ್ಕ ಬ್ಯಾರೆ ನಳಿ ಇರ್ಲಿ ಅಂತ ಸೂಚನಾ ಬಂದಿತ್ತು, ಅರ್ಜಿದಾರ ಒಪ್ಪಲಿಲ್ಲ. ನಾಕನೇದು. ಮುದುಕರಿಗೆ ಮನೀಗೇ ಹೋಗಿ... ಇದಕ್ಕ ಮೂವತ್ತೆರಡೂ ಮನಿಯವರು ಸಹಿ ಮಾಡಿದ ಲೇಖೀ ಸಮ್ಮತಿ ಅದ."

ಹೋಳಿಗೆ, ಮೊದಲ ಕೊಡ, ಪ್ಲಂಬರ್, ಗೋಡೆಯ ಎರಡು ತೂತು, ಎಲ್ಲ ಒಟ್ಟಿಗೆ ಬಂದು ಅಣವೀರಪ್ಪನ ತಲೆಗೆ ಬಡಿದವು.

"ಅದು ನಳರೀ ಮೇಡಂ! ನೀರಿನ ನಳ! ಅವರು ನಳ ಅಂತ ತಿಳಕೊಂಡಾರ!"

"ಯಾಕೆ ಹಾಗೆ ತಿಳಿದರು?" ಎಂದು ಕೇಳಿದರು ಮೇಡಂ.

"ನಾ ಫೋನ್‌ನಾಗ ಬಂದೂಕಿಗೆ ನಳ ಅಂತಿದ್ದೆರೀ. ಯಾರಿಗೂ ಗೊತ್ತಾಗಬಾರದು ಅಂತ."

ಮೇಡಂ ಪೆನ್ನು ಎತ್ತಿಕೊಂಡರು. "ಫೋನಿನಲ್ಲಿ ಬಂದೂಕಿಗೆ ಗುಪ್ತ ಶಬ್ದ ಬಳಸುತ್ತಿದ್ದೆ. ಆ ಶಬ್ದ ಯಾರು ಕೊಟ್ಟದ್ದು?"

"ಮಿಲ್ಟ್ರಿಯವರು ಒಬ್ಬರು ರೀ."

ಐದನೆಯ ಮತ್ತು ಆರನೆಯ ಅಂಶಗಳು ಹೀಗೆ ಸೇರಿದವು. ಸತ್ಯ ಹೇಳಿದಷ್ಟೂ ಹಾಳೆ ತುಂಬುತ್ತದೆ ಎಂದು ಅಣವೀರಪ್ಪನಿಗೆ ಗೊತ್ತಾಗುವ ಹೊತ್ತಿಗೆ ಹಾಳೆ ಮುಗಿದಿತ್ತು.

ಮೇಡಂ ಕೆಟ್ಟವರಲ್ಲ. ಕೊನೆಕೊನೆಗೆ ಬಂದ ನಗುವನ್ನು ಅವರು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಆದರೆ ವರದಿ ಬೆಳಿಗ್ಗೆಯೇ ಮೇಲಿನ ಆಫೀಸಿಗೆ ಹೋಗಿತ್ತು. ಮೂವತ್ತೆರಡು ಸಹಿಗಳಿರುವ ಕಾಗದವನ್ನು ತಪ್ಪು ಎನ್ನಲು ಮೂವತ್ತೆರಡು ಹೇಳಿಕೆ ಬೇಕು, ಅದಕ್ಕೆ ಒಂದು ತಿಂಗಳು ಬೇಕು. ಲೈಸನ್ಸಿನ ಗಡುವು ಅಂದೇ ಸಂಜೆ. ಲೈಸನ್ಸ್ ಪುಸ್ತಕ ಠಾಣೆಯ ಕಪಾಟಿಗೆ ಹೋಯಿತು. ಅಲ್ಲಿಂದ ಕಲಬುರಗಿಗೆ ಹೋಗುತ್ತದೆ ಎಂದರು. ಅಣವೀರಪ್ಪ ಶೇಠಿಗೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿದ. ಶೇಠ್ ಕೇಳಿದ್ದು ಒಂದೇ: ಹಾಗಾದರೆ ಕುರ್ಚಿಯನ್ನು ಒಳಗೆ ಇಡಲೇ?

ಚಾಳಿಗೆ ಬಂದಾಗ ಅಂಗಳದಲ್ಲಿ ರಂಗೋಲಿ ಹಾಕಿತ್ತು, ತೆಂಗಿನಕಾಯಿ ಇತ್ತು. ಹಳೆಯ ನಳ ಬಿಚ್ಚಿದ್ದರಿಂದ ಅಂದು ಬೆಳಿಗ್ಗೆ ಯಾರಿಗೂ ನೀರು ಸಿಕ್ಕಿರಲಿಲ್ಲ, ಆದರೂ ಯಾರೂ ಬೇಸರಪಟ್ಟಿರಲಿಲ್ಲ. ಕೊಡಗಳು ಸಾಲಾಗಿ ಕೂತಿದ್ದವು. ಅಣವೀರಪ್ಪ ನಡುವೆ ನಿಂತು ಮೊದಲ ಬಾರಿಗೆ ಆ ಶಬ್ದ ಬಾಯಿ ಬಿಟ್ಟು ಹೇಳಿದ.

ಕಾಶಿನಾಥ ಒಡೆಯಲು ಎತ್ತಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟ.

"ಬರೀ ಬಂದೂಕಾ?" ಎಂದ ಕಾಶಿನಾಥ.

"ಜೋಡು ನಳಿಗಿಂದರೀ," ಎಂದ ಅಣವೀರಪ್ಪ.

"ಬಂದೂಕ ಕುಡೀಲಿಕ್ಕ ಬರ್ತದೇನು?" ಇಂದ್ರಾಬಾಯಿಯ ದನಿ ಮೇಲಿನ ಗ್ಯಾಲರಿಯವರೆಗೆ ಏರಿತು. "ಅದರಾಗ ಅರಬಿ ಒಗೀಲಿಕ್ಕ ಬರ್ತದೇನು? ಇದಕ್ಕ ನಾ ಶುದ್ಧ ತುಪ್ಪದ ಹೋಳಿಗಿ ಮಾಡ್ದೆ!"

"ಬಾರಾ ಬೋರ್ ಅಂದಿದ್ರಿ!" ಎಂದ ಕಾಶಿನಾಥ.

"ಅದು ಬಂದೂಕಿನ ಅಳತಿರೀ. ಹಂಗ ಕರೀತಾರ."

"ಅಳತೀಗಿ ಬೋರ್ ಅಂತ ಯಾವ ಮೂಳ ಹೆಸರಿಟ್ಟಾನ?"

ಅಣವೀರಪ್ಪನಿಗೂ ಅದು ತಿಳಿಯಬೇಕಿತ್ತು. ಕಿಟ್ಟು ಸರ್ ಹತ್ತಿರ ಕೇಳಬೇಕು ಎಂದುಕೊಂಡ. ಬಂದೂಕು ಹಿಡಿದವನು ಅಂಗಳದಲ್ಲಿ ಓಡಾಡಿದರೆ ಭಯವಾಗುತ್ತದೆ ಎಂದು ಒಬ್ಬರೂ ಹೇಳಲಿಲ್ಲ. ಆ ವಿಷಯ ಯಾರ ತಲೆಗೂ ಬರಲಿಲ್ಲ.

ಗೋಡೆ ಕೊರೆದದ್ದಕ್ಕೆ ಮಂಗಳವಾರ ವಾರ್ಡ್ ಆಫೀಸಿನವರು ಬಂದು ಕಾಶಿನಾಥನಿಗೆ ನೋಟಿಸ್ ಕೊಟ್ಟರು, ಬುಧವಾರ ಹೊಸ ಪ್ಲಾಸ್ಟಿಕ್ ನಳ ಹಾಕಿಸಿದರು. ಬೊರಿವಲಿಯ ಬ್ರಾಂಚಿನಲ್ಲಿ ಸೋಮವಾರದಿಂದ ಬೇರೊಬ್ಬ ಕೂತಿದ್ದಾನೆ. ಅವನ ಬಂದೂಕು ಮೇಲೆಕೆಳಗಿನದು, ತೊಡೆಯಿಂದ ಹೊರಳುತ್ತಿರುತ್ತದೆ ಎಂದು ಶಾಂತಪ್ಪ ಹೇಳಿದ. ಅಣವೀರಪ್ಪ ಪವಾಯಿಯ ಗೇಟಿನಲ್ಲಿ ನಿಂತೇ ಅದನ್ನು ಕೇಳಿಸಿಕೊಂಡ.

ಆ ವಾರ ಹೋದದ್ದು ಇಷ್ಟು: ಲೈಸನ್ಸ್ ಪುಸ್ತಕ ಒಂದು, ಕುರ್ಚಿ ಒಂದು, ಹಿತ್ತಾಳೆಯ ನಳ ಒಂದು, ಮೂವತ್ತೆರಡು ಮನೆಗಳ ಐದು ದಿನದ ನೀರು, ಮತ್ತು ಸಾಲಿನಲ್ಲಿ ಒಂದನೆಯ ನಂಬರಿನಿಂದ ಮೂವತ್ತೆರಡಕ್ಕೆ ಇಳಿದ ಭಾಗವ್ವನ ಮೂವತ್ತೊಂದು ಜಾಗ.